ಶಿವಮೊಗ್ಗದ ಕ್ಲಿನಿಕ್ಕಿನಲ್ಲಿ ಸರೊಗಸಿ ಕೌನ್ಸೆಲಿಂಗ್: ನಮ್ಮ ಅನುಭವ, 5ಕ್ಕೆ 4

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮಡಿಲಿಗೆ ಇನ್ನೂ ಮಗು ಬಂದಿಲ್ಲ, ಅದಕ್ಕೆ ಇನ್ನೂ ಬಹಳ ದೂರ ಇದೆ. ಶಿವಮೊಗ್ಗದ ಒಂದು ಫರ್ಟಿಲಿಟಿ ಕ್ಲಿನಿಕ್ಕಿನಲ್ಲಿ ಸರೊಗಸಿ, ಅಂದರೆ ನಮಗಾಗಿ ಬೇರೊಬ್ಬ ಹೆಂಗಸು ಮಗು ಹೊತ್ತು ಹೆತ್ತು ಕೊಡುವುದು, ಅದರ ಬಗ್ಗೆ ನಮಗೆ ಸಿಕ್ಕ ಕೌನ್ಸೆಲಿಂಗ್ ಹೇಗಿತ್ತು ಅಂತ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಎರಡು ಸಲ ಹೋಗಿ ಬಂದೆವು. ಒಂದು ಸಲಕ್ಕೆ 600 ರೂಪಾಯಿ. ಕ್ಲಿನಿಕ್ಕಿನ ಹೆಸರು ಹಾಕುತ್ತಿಲ್ಲ, ಯಾಕೆಂದರೆ ಒಳ್ಳೆಯದರ ಜೊತೆ ಎರಡು ತಪ್ಪುಗಳನ್ನೂ ಬರೆಯಬೇಕಿದೆ, ಮತ್ತು ನಮ್ಮ ಊರು ಚಿಕ್ಕದು. ನೀವು ಯಾವ ಕ್ಲಿನಿಕ್ಕಿಗೆ ಹೋದರೂ ಏನು ಕೇಳಬೇಕು, ಏನು ಸಿಗಬೇಕು ಅಂತ ತಿಳಿದರೆ ಸಾಕು.

ನಾವು ತೀರ್ಥಹಳ್ಳಿ ತಾಲ್ಲೂಕಿನವರು. ಮೂರು ವರ್ಷದ ಹಿಂದೆ ನನ್ನ ಹೆರಿಗೆಯ ಹೊತ್ತಿಗೆ ರಕ್ತಸ್ರಾವ ನಿಲ್ಲಲೇ ಇಲ್ಲ. ಮಗು ಉಳಿಯಲಿಲ್ಲ. ನನ್ನ ಜೀವ ಉಳಿಸಲಿಕ್ಕೆ ಗರ್ಭಕೋಶ ತೆಗೆದರು. ಆ ಡಾಕ್ಟರ ಮೇಲೆ ನನಗೆ ಯಾವ ದೂರೂ ಇಲ್ಲ, ಅವರಿಂದಲೇ ಇವತ್ತು ಕೂತು ಬರೆಯುತ್ತಿದ್ದೇನೆ. ಆದರೆ ಆಮೇಲೆ ಒಂದೂವರೆ ವರ್ಷ ನನಗೊಂದು ತಪ್ಪು ತಿಳುವಳಿಕೆ ಇತ್ತು. ಗರ್ಭಕೋಶ ಹೋಯಿತು ಅಂದರೆ ಎಲ್ಲವೂ ಹೋಯಿತು ಅಂತ. ಮುಟ್ಟು ಇಲ್ಲ, ಇನ್ನು ಅಂಡಾಣು ಎಲ್ಲಿಂದ ಬರಬೇಕು ಅಂದುಕೊಂಡಿದ್ದೆ. ನನ್ನ ಡಿಸ್ಚಾರ್ಜ್ ಸಮರಿಯಲ್ಲಿ ಎರಡೂ ಅಂಡಾಶಯ ಉಳಿಸಿದ್ದೇವೆ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ನಾನದನ್ನು ಎಷ್ಟು ಸಲ ಓದಿದ್ದೆನೋ, ಅದರ ಅರ್ಥ ಏನು ಅಂತ ಹೇಳುವವರು ಯಾರೂ ಸಿಕ್ಕಿರಲಿಲ್ಲ.

ಈ ಕ್ಲಿನಿಕ್ಕಿಗೆ ಬರುವ ಮೊದಲು ಇನ್ನೆರಡು ಕಡೆ ಓಡಾಡಿದ್ದೆವು. ದೊಡ್ಡ ಊರಿನ ಒಂದು ಕಡೆ ಬಣ್ಣಬಣ್ಣದ ಕೈಪಿಡಿ ಕೊಟ್ಟರು. ಅದರಲ್ಲಿ ಟ್ರೆಡಿಷನಲ್, ಜೆಸ್ಟೇಷನಲ್, ಆಲ್ಟ್ರೂಯಿಸ್ಟಿಕ್, ಕಮರ್ಷಿಯಲ್ ಅಂತ ನಾಲ್ಕು ಬಗೆ, ಪಕ್ಕಪಕ್ಕದಲ್ಲಿ ನಾಲ್ಕು ಬಾಕ್ಸ್. ಹೋಟೆಲಿನ ಮೆನು ಥರ. ನಾಲ್ಕರಲ್ಲಿ ಯಾವುದು ಬೇಕೋ ಆರಿಸಿಕೊಳ್ಳಬಹುದು ಅನ್ನುವ ಹಾಗಿತ್ತು. ಎಲ್ಲೋ ಹೊರದೇಶದ್ದನ್ನು ಹಾಗೇ ಎತ್ತಿ ಹಾಕಿದ್ದರು ಅಂತ ಈಗ ಗೊತ್ತಾಗುತ್ತದೆ. ಇನ್ನೊಬ್ಬ ಮನುಷ್ಯ ಫೋನಿನಲ್ಲೇ ಸಿಕ್ಕಿದ್ದ, ಯಾರೋ ಪರಿಚಯದವರು ನಂಬರ್ ಕೊಟ್ಟಿದ್ದರು. "ಹೆಂಗಸು ರೆಡಿ ಇದ್ದಾಳೆ, ಪ್ಯಾಕೇಜ್ ಇಷ್ಟು, ಮುಂಗಡ ಇಷ್ಟು, ನೀವು ಕೊನೆಗೆ ಬಂದು ಮಗು ಎತ್ತಿಕೊಂಡು ಹೋದರಾಯಿತು" ಅಂದ. ಎರಡು ದಿನ ನಾನೂ ನಮ್ಮನೆಯವರೂ ಅಡಿಕೆ ದುಡ್ಡು, ಒಡವೆ, ಸೊಸೈಟಿ ಸಾಲ ಎಲ್ಲ ಲೆಕ್ಕ ಹಾಕಿದೆವು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತದೆ. ಯಾಕೆ ಅಂತ ಮುಂದೆ ಬರೆಯುತ್ತೇನೆ.

ಜುಲೈ ತಿಂಗಳು, ಮಳೆ ಹಿಡಿದು ಕೂತಿತ್ತು. ಬೆಳಿಗ್ಗೆ ಏಳರ ಬಸ್ಸು ಹತ್ತಿ ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಶಿವಮೊಗ್ಗ ಮುಟ್ಟುವಾಗ ಒಂಬತ್ತು ಗಂಟೆ. ಜೊತೆಗೆ ನನ್ನ ಚಿಕ್ಕಮ್ಮನ ಮಗಳೂ ಇದ್ದಳು. ಹೊಸನಗರದ ಕಡೆಗೆ ಕೊಟ್ಟಿರುವ ತಂಗಿ. ಅವಳಿಗೆ 29 ವರ್ಷ, ಐದು ವರ್ಷದ ಮಗ ಇದ್ದಾನೆ. "ಅಕ್ಕಾ, ನಾನು ಹೊರುತ್ತೇನೆ" ಅಂತ ಅವಳೇ ಬಾಯಿಬಿಟ್ಟು ಹೇಳಿದ್ದಳು, ನಾನು ಕೇಳಿರಲಿಲ್ಲ. ಕೇಳುವ ಧೈರ್ಯ ನನಗೆ ಇರಲೂ ಇಲ್ಲ.

ಮೊದಲ ತಪ್ಪು ಇಲ್ಲೇ ಆಯಿತು. ವೇಟಿಂಗ್ ಹಾಲಿನಲ್ಲಿ ಸುಮಾರು ಇಪ್ಪತ್ತು ಜನ ಕೂತಿದ್ದರು. ಬಾಗಿಲ ಹತ್ತಿರದ ಬಕೆಟ್ಟಿನಲ್ಲಿ ಒದ್ದೆ ಕೊಡೆಗಳು. ರಿಸೆಪ್ಷನ್ನಿನ ಹುಡುಗಿ ಎದ್ದು ನಿಂತು "ಸರೊಗಸಿ ಕೇಸ್ ಯಾರು?" ಅಂತ ಕೂಗಿದಳು. ಇಪ್ಪತ್ತು ತಲೆಯೂ ಒಟ್ಟಿಗೆ ತಿರುಗಿತು. ಎದುರಿಗೆ ಕೂತಿದ್ದ ಒಬ್ಬರು ನಮ್ಮ ಪಕ್ಕದ ಊರಿನವರು. ತಂಗಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಟೋಕನ್ ನಂಬರ್ ಕೂಗಿದರೆ ಆಗುತ್ತಿರಲಿಲ್ಲವಾ? ಮಕ್ಕಳಾಗದವರು ಬರುವ ಜಾಗದಲ್ಲಿ ಇಷ್ಟಾದರೂ ತಿಳಿದಿರಬೇಕು. ಅಲ್ಲೇ ಹೇಳಿದೆ, ಎರಡನೇ ಸಲ ಹೋದಾಗ ನಂಬರ್ ಮಾತ್ರ ಕೂಗಿದರು. ಅಷ್ಟು ಬದಲಾಯಿಸಿಕೊಂಡಿದ್ದಕ್ಕೆ ಮೆಚ್ಚುಗೆ ಇದೆ, ಆದರೂ ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೇ.

ಒಳಗಿನ ಕಥೆಯೇ ಬೇರೆ. ಕೌನ್ಸೆಲರ್ ಮೇಡಂ ಮೊದಲು ಮಾತಾಡಲೇ ಇಲ್ಲ. ನಮ್ಮ ಫೈಲು ಪೂರ್ತಿ ಓದಿದರು, ಹತ್ತು ನಿಮಿಷ ಆಗಿರಬೇಕು. ಆಮೇಲೆ ಆ ಡಿಸ್ಚಾರ್ಜ್ ಸಮರಿಯ ಸಾಲಿನ ಮೇಲೆ ಬೆರಳಿಟ್ಟು, "ನಿಮ್ಮ ಅಂಡಾಶಯ ಎರಡೂ ಇದೆ. ಗರ್ಭಕೋಶ ಇಲ್ಲ ಅಷ್ಟೇ. ಅಂಡಾಣು ನಿಮ್ಮದೇ ಸಿಗುವ ಸಾಧ್ಯತೆ ಇದೆ, ಅದನ್ನು ಟೆಸ್ಟ್ ಮಾಡಿ ನೋಡಬೇಕು" ಅಂದರು. ನಾನು ಅಳಲಿಕ್ಕೆ ಶುರು ಮಾಡಿದೆ. ಅವರು ನಿಲ್ಲಿಸಿ ಅಂತ ಹೇಳಲಿಲ್ಲ, ಸುಮ್ನೆ ಕಾದರು.

ಆಮೇಲೆ ಒಂದು ಬಿಳಿ ಹಾಳೆ ತೆಗೆದು ನಾಲ್ಕು ಪ್ರಶ್ನೆ ಬರೆದರು. ಅಂಡಾಣು ಯಾರದು? ವೀರ್ಯಾಣು ಯಾರದು? ಹೊರುವವರು ಯಾರು? ದುಡ್ಡು ಯಾವುದಕ್ಕೆ? "ಟೈಪ್ ಹೆಸರೆಲ್ಲ ಆಮೇಲೆ. ಈ ನಾಲ್ಕಕ್ಕೆ ಉತ್ತರ ಬರೆದರೆ ಹೆಸರು ತಾನಾಗಿ ಬರುತ್ತದೆ" ಅಂದರು. ನನ್ನ ಪ್ರಕಾರ 600 ರೂಪಾಯಿಗೆ ಸಿಕ್ಕಿದ್ದು ಈ ಹಾಳೆ. ಮೆನು ಥರದ ಕೈಪಿಡಿಯಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದರು. ಟ್ರೆಡಿಷನಲ್, ಜೆಸ್ಟೇಷನಲ್ ಅನ್ನುವುದು ಅಂಡಾಣು ಯಾರದು ಅನ್ನುವ ಪ್ರಶ್ನೆಗೆ ಉತ್ತರ. ಆಲ್ಟ್ರೂಯಿಸ್ಟಿಕ್, ಕಮರ್ಷಿಯಲ್ ಅನ್ನುವುದು ದುಡ್ಡಿನ ಪ್ರಶ್ನೆಗೆ ಉತ್ತರ. ಒಂದೇ ಸರೊಗಸಿ ಜೆಸ್ಟೇಷನಲ್ಲೂ ಆಗಿರುತ್ತದೆ, ಆಲ್ಟ್ರೂಯಿಸ್ಟಿಕ್ಕೂ ಆಗಿರುತ್ತದೆ. ಇಷ್ಟು ಸಣ್ಣ ವಿಷಯ ನನಗೆ ಒಂದು ವರ್ಷದಿಂದ ಗೊಂದಲವಾಗಿತ್ತು.

ಟ್ರೆಡಿಷನಲ್ ಅಂದರೆ ಹೊರುವ ಹೆಂಗಸಿನದೇ ಅಂಡಾಣು, ಗಂಡಸಿನ ವೀರ್ಯ ಮಾತ್ರ ಮಗು ಬೇಕಾದ ಮನೆಯದು. ಹಾಗೆ ಹುಟ್ಟಿದ ಮಗುವಿಗೆ ಹೊತ್ತವಳ ಜೊತೆ ರಕ್ತಸಂಬಂಧ ಇರುತ್ತದೆ. ಹಿಂದೆ ಐವಿಎಫ್, ಅಂದರೆ ಲ್ಯಾಬಿನಲ್ಲಿ ಭ್ರೂಣ ಮಾಡುವ ಚಿಕಿತ್ಸೆ, ಇಲ್ಲದ ಕಾಲಕ್ಕೆ ಇದೊಂದೇ ದಾರಿ ಇದ್ದಿದ್ದು. ಈಗ ನಮ್ಮ ದೇಶದಲ್ಲಿ ಇದಕ್ಕೆ ಅವಕಾಶವೇ ಇಲ್ಲ. 2021ರ ಸರೊಗಸಿ ಕಾಯ್ದೆ, 2022ರ ಜನವರಿ 25ರಿಂದ ಜಾರಿಯಲ್ಲಿದೆ, ಹೊರುವ ತಾಯಿ ತನ್ನದೇ ಅಂಡಾಣು ಕೊಡುವ ಹಾಗಿಲ್ಲ ಅಂತ ನೇರವಾಗಿ ಹೇಳುತ್ತದೆ. ತಂಗಿ ಇದನ್ನು ಕೇಳಿ ಉಸಿರು ಬಿಟ್ಟಿದ್ದು ನನಗೆ ಕಾಣಿಸಿತು. ಆಮೇಲೆ ಹೇಳಿದಳು, ಅವಳಿಗೆ ಇದ್ದ ದೊಡ್ಡ ಭಯ ಅದೇ ಅಂತೆ. "ನನ್ನದೇ ಮಗು ಆದರೆ ಕೊಟ್ಟು ಹೇಗಿರಲಿ ಅಕ್ಕಾ, ಅಂತ ಅನ್ನಿಸುತ್ತಿತ್ತು."

ಜೆಸ್ಟೇಷನಲ್ ಅಂದರೆ ಹೊರುವುದು ಮಾತ್ರ. ಅಂಡಾಣು, ವೀರ್ಯಾಣು ಎರಡನ್ನೂ ಹೊರಗೆ ಲ್ಯಾಬಿನಲ್ಲಿ ಸೇರಿಸಿ, ಭ್ರೂಣ ಮಾಡಿ, ಅದನ್ನು ಹೊರುವವಳ ಗರ್ಭಕೋಶಕ್ಕೆ ಇಡುತ್ತಾರೆ. ನನ್ನ ಮಟ್ಟಿಗೆ ಅದರ ಅರ್ಥ ಏನು ಅಂತ ಮೇಡಂ ಬಿಡಿಸಿ ಹೇಳಿದರು. ಹತ್ತು ಹನ್ನೆರಡು ದಿನ ದಿನಾ ಇಂಜೆಕ್ಷನ್, ನಡುನಡುವೆ ಸ್ಕ್ಯಾನ್, ಆಮೇಲೆ ಅರಿವಳಿಕೆ ಕೊಟ್ಟು ಅಂಡಾಣು ತೆಗೆಯುವುದು. ಐದು ದಿನ ಬೆಳೆಸಿದ ಭ್ರೂಣವನ್ನು ಫ್ರೀಜ್ ಮಾಡಿ ಇಡಬಹುದು. ಆ ಕಡೆ ತಂಗಿಗೆ ಹಾರ್ಮೋನ್ ಮಾತ್ರೆ ಕೊಟ್ಟು ಗರ್ಭಕೋಶದ ಒಳಪದರ ದಪ್ಪ ಮಾಡುತ್ತಾರೆ. ಒಂದು ಸಲಕ್ಕೆ ಒಂದೇ ಭ್ರೂಣ ಇಡಬೇಕು ಅಂತ ನಿಯಮ, ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರವರೆಗೆ. ಮೂರು ಸಲಕ್ಕಿಂತ ಜಾಸ್ತಿ ಪ್ರಯತ್ನ ಮಾಡುವ ಹಾಗೂ ಇಲ್ಲ. "ಮೂರು ಸಲವೂ ಆಗದೇ ಇರಬಹುದು. ಅದನ್ನು ಇವತ್ತೇ ತಲೆಯಲ್ಲಿ ಇಟ್ಟುಕೊಳ್ಳಿ" ಅಂತ ಮೇಡಂ ಹೇಳಿದ್ದು ನನಗೆ ಇಷ್ಟವಾಯಿತು. ಆಸೆ ಮಾರುವವರನ್ನು ನೋಡಿ ಸಾಕಾಗಿತ್ತು.

ಈಗ ಆ ಫೋನಿನ ಮನುಷ್ಯನ ವಿಷಯ. ಅವನು ಹೇಳಿದ್ದು ಕಮರ್ಷಿಯಲ್ ಸರೊಗಸಿ. ಅಂದರೆ ಹೊರುವವಳಿಗೆ ಹೊತ್ತಿದ್ದಕ್ಕೆ ಅಂತ ದುಡ್ಡು. ಅಮೆರಿಕದ ಕ್ಯಾಲಿಫೋರ್ನಿಯಾದಂಥ ಕಡೆ ಅದು ಕಾನೂನುಬದ್ಧ. ನಮ್ಮಲ್ಲೂ ಒಂದು ಕಾಲಕ್ಕೆ ನಡೆಯುತ್ತಿತ್ತು, ಗುಜರಾತಿನ ಆನಂದ್ ಊರು ಅದಕ್ಕೇ ಹೆಸರಾಗಿತ್ತು, ಹೊರದೇಶದವರೂ ಬರುತ್ತಿದ್ದರು. 2008ರಲ್ಲಿ ಜಪಾನಿನ ದಂಪತಿಗೆ ಅಂತ ಹುಟ್ಟಿದ ಮಂಜಿ ಅನ್ನುವ ಮಗು, ಹುಟ್ಟುವ ಮೊದಲೇ ಆ ಗಂಡಹೆಂಡತಿ ಬೇರೆಯಾಗಿ, ಯಾವ ದೇಶದ್ದು, ಯಾರ ಮಗು ಅನ್ನುವುದೇ ಕೋರ್ಟಿಗೆ ಹೋಗುವ ಹಾಗಾಯಿತು. 2015ರಲ್ಲಿ ಹೊರದೇಶದವರಿಗೆ ನಿಲ್ಲಿಸಿದರು. ಈಗಿನ ಕಾಯ್ದೆಯಲ್ಲಿ ಕಮರ್ಷಿಯಲ್ ಪೂರ್ತಿ ನಿಷೇಧ. ನಡೆಸುವವರಿಗೆ 10 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ದುಡ್ಡು ಕೊಟ್ಟು ಮಾಡಿಸಿಕೊಳ್ಳಲು ಹೋದ ದಂಪತಿಗೂ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ನಾವು ಒಡವೆ ಲೆಕ್ಕ ಹಾಕುತ್ತಾ ಕೂತಿದ್ದು ಇದಕ್ಕೆ. ನಿಮಗೂ ಅಂಥ ಫೋನ್ ಬಂದಿದ್ದರೆ ದಯವಿಟ್ಟು ಅಲ್ಲೇ ನಿಲ್ಲಿಸಿ. ಮುಂಗಡ ಹೋಗುವುದು ಒಂದು ಕಡೆ, ಕೊನೆಗೆ ಹುಟ್ಟಿದ ಮಗುವಿಗೆ ಕಾಗದವೇ ಇರುವುದಿಲ್ಲ.

ನಮಗೆ ಉಳಿದಿರುವುದು ಆಲ್ಟ್ರೂಯಿಸ್ಟಿಕ್, ಪತ್ರಿಕೆಯವರು ಪರೋಪಕಾರದ ಸರೊಗಸಿ ಅಂತ ಬರೆಯುತ್ತಾರೆ. ಇಲ್ಲಿ ಹೊತ್ತಿದ್ದಕ್ಕೆ ಅಂತ ದುಡ್ಡಿಲ್ಲ. ಹೊರುವವಳ ಆಸ್ಪತ್ರೆ ಖರ್ಚು, ನಿಯಮದಲ್ಲಿ ಹೇಳಿದ ಬೇರೆ ಖರ್ಚು, ಮತ್ತು 36 ತಿಂಗಳ ಇನ್ಶೂರೆನ್ಸ್, ಇಷ್ಟನ್ನು ನಾವು ಕೊಡಲೇಬೇಕು. ಮೂರು ವರ್ಷದ ಇನ್ಶೂರೆನ್ಸ್ ಯಾಕೆ ಅಂತ ನಮ್ಮನೆಯವರು ಕೇಳಿದರು. ಹೆರಿಗೆಯ ತೊಂದರೆ ಹೆರಿಗೆಯ ದಿನಕ್ಕೇ ಮುಗಿಯುವುದಿಲ್ಲ, ಆಮೇಲೂ ಬರಬಹುದು, ಅದಕ್ಕೆ ಅಂದರು. ನನ್ನ ಹೆರಿಗೆಯಲ್ಲಿ ಆಗಿದ್ದನ್ನು ಕಂಡಿರುವ ಮನೆ ನಮ್ಮದು. ಮರುಮಾತಿಲ್ಲದೆ ತಲೆ ಅಲ್ಲಾಡಿಸಿದರು.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಎಲ್ಲರೂ ಬಾಡಿಗೆ ತಾಯಿ, ಬಾಡಿಗೆ ತಾಯ್ತನ ಅನ್ನುತ್ತೇವೆ. ಪೇಪರಿನಲ್ಲೂ ಅದೇ, ಸರ್ಕಾರಿ ಕಾಗದದಲ್ಲೂ ಅದೇ ಬರುತ್ತದೆ. ಆದರೆ ಬಾಡಿಗೆ ಕೊಡುವುದನ್ನೇ ಕಾನೂನು ನಿಲ್ಲಿಸಿದೆ ಅಲ್ವಾ? ಹಾಗಿರುವಾಗ ನನ್ನ ತಂಗಿಯನ್ನು ಬಾಡಿಗೆ ತಾಯಿ ಅಂತ ಹೇಗೆ ಕರೆಯಲಿ. ಮೇಡಂ ಒಂದೂವರೆ ಗಂಟೆಯಲ್ಲಿ ಆ ಮಾತು ಒಂದು ಸಲವೂ ಆಡಲಿಲ್ಲ. "ಹೊರುವ ತಾಯಿ" ಅಂತಲೇ ಅಂದರು. ನಾನೂ ಹಾಗೇ ಬರೆಯುತ್ತಿದ್ದೇನೆ.

ಹೊರುವವಳು ಹತ್ತಿರದ ಸಂಬಂಧಿಯೇ ಆಗಿರಬೇಕು ಅಂತ ನಮ್ಮ ಕಡೆ ಬಹಳ ಜನ ತಿಳಿದುಕೊಂಡಿದ್ದಾರೆ. 2019ರ ಮಸೂದೆಯಲ್ಲಿ ಹಾಗಿತ್ತು. ಪಾಸಾದ ಕಾಯ್ದೆಯಲ್ಲಿ ಇರುವುದು ಮನಸ್ಸಿರುವ ಹೆಂಗಸು ಅಂತ. ಅವಳಿಗೆ ಮದುವೆಯಾಗಿರಬೇಕು, ಗಂಡ ಈಗ ಇಲ್ಲದಿದ್ದರೂ ನಡೆಯುತ್ತದೆ. ಸ್ವಂತ ಮಗು ಇರಬೇಕು, ಭ್ರೂಣ ಇಡುವ ದಿನಕ್ಕೆ ವಯಸ್ಸು 25ರಿಂದ 35ರ ಒಳಗಿರಬೇಕು, ದೇಹಕ್ಕೂ ಮನಸ್ಸಿಗೂ ಫಿಟ್ ಅಂತ ಸರ್ಟಿಫಿಕೇಟ್ ಬೇಕು, ಮತ್ತು ಜೀವನದಲ್ಲಿ ಒಂದೇ ಸಲ. ಮಗು ಬೇಕಾದವರಲ್ಲಿ ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55. ಬದುಕಿರುವ ಮಗು ಇರಬಾರದು. ಇದ್ದ ಮಗುವಿಗೆ ಅಂಗವೈಕಲ್ಯವೋ, ಬುದ್ಧಿಮಾಂದ್ಯವೋ, ವಾಸಿಯಾಗದ ಪ್ರಾಣಾಂತಕ ಕಾಯಿಲೆಯೋ ಇದ್ದರೆ ಆ ಮಾತು ಬೇರೆ. ಗಂಡ ತೀರಿಕೊಂಡವರು, ಡೈವೋರ್ಸ್ ಆದವರು 35ರಿಂದ 45ರ ಒಳಗೆ ಒಬ್ಬರೇ ಅರ್ಜಿ ಹಾಕಬಹುದು. ಮದುವೆಯೇ ಆಗದ ಹೆಣ್ಣುಮಕ್ಕಳಿಗೆ ಅವಕಾಶ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ, ಆದರೆ ಸದ್ಯಕ್ಕೆ ಕಾನೂನು ಹಾಗಿದೆ.

ದಾನಿಗಳ ವಿಷಯ ನಮಗೆ ಬೇಕಿರಲಿಲ್ಲ, ಆದರೂ ಮೇಡಂ ಹೇಳಿದರು, ಯಾಕೆಂದರೆ ನನ್ನ ಅಂಡಾಣು ಸಿಗದೇ ಹೋದರೆ ಮುಂದೇನು ಅನ್ನುವುದು ಇದ್ದೇ ಇದೆ. ಇಲ್ಲಿ ಕಾನೂನು ಎರಡು ಸಲ ತಿರುಗಿದೆ. 2023ರ ಮಾರ್ಚಿನಲ್ಲಿ ದಾನಿಯ ಅಂಡಾಣು, ವೀರ್ಯಾಣು ಎರಡೂ ಬೇಡ, ಗಂಡಹೆಂಡತಿಯದೇ ಆಗಬೇಕು ಅಂತ ಮಾಡಿದರು. ಹುಟ್ಟಿನಿಂದಲೇ ಗರ್ಭಕೋಶ ಬೆಳೆಯದ, ಅಂಡಾಣುವೂ ಸಿಗದ ಒಬ್ಬ ಹೆಣ್ಣುಮಗಳು ಸುಪ್ರೀಂ ಕೋರ್ಟಿಗೆ ಹೋದಳು, ಅವಳ ಮಟ್ಟಿಗೆ ಕೋರ್ಟು ಆ ನಿಯಮಕ್ಕೆ ತಡೆ ಕೊಟ್ಟಿತು. 2024ರ ಫೆಬ್ರವರಿಯಲ್ಲಿ ಸರ್ಕಾರ ನಿಯಮವನ್ನೇ ಬದಲಾಯಿಸಿತು. ಈಗ ಗಂಡ ಅಥವಾ ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ವೈದ್ಯಕೀಯ ತೊಂದರೆ ಇದೆ ಅಂತ ಜಿಲ್ಲಾ ಮೆಡಿಕಲ್ ಬೋರ್ಡ್ ಬರೆದುಕೊಟ್ಟರೆ ಒಂದು ಕಡೆಯಿಂದ ದಾನಿ ತೆಗೆದುಕೊಳ್ಳಬಹುದು. ಎರಡೂ ದಾನಿಯದೇ ಆಗುವ ಹಾಗಿಲ್ಲ. ಒಂಟಿಯಾಗಿ ಅರ್ಜಿ ಹಾಕುವ ಹೆಂಗಸು ಮಾತ್ರ ತನ್ನದೇ ಅಂಡಾಣು, ದಾನಿಯ ವೀರ್ಯಾಣು ಬಳಸಬೇಕು. ಹಾಳೆಯ ಮೊದಲ ಎರಡು ಪ್ರಶ್ನೆಗಳಿಗೆ ಬೇರೆ ಬೇರೆ ಉತ್ತರ ಬರೆದು, ಯಾವುದಕ್ಕೆ ಟಿಕ್, ಯಾವುದಕ್ಕೆ ಅಡ್ಡಗೀಟು ಅಂತ ಅವರು ಕೆಂಪು ಪೆನ್ನಿನಲ್ಲಿ ಹಾಕುತ್ತಾ ಹೋದರು.

ನಾನೊಂದು ಪ್ರಶ್ನೆ ಕೇಳಿದೆ. ನಾನು ಖಾಸಗಿ ಶಾಲೆಯಲ್ಲಿ ಟೀಚರ್, ಮಗು ಬಂದರೆ ರಜೆ ಸಿಗುತ್ತದಾ ಅಂತ. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ, ಮಗು ಕೈಗೆ ಬಂದ ದಿನದಿಂದ 12 ವಾರ ಅಂತ ಇದೆಯಂತೆ. ಆದರೆ ಅಲ್ಲಿ ಹೇಳಿರುವುದು ತನ್ನ ಅಂಡಾಣುವಿನಿಂದ ಭ್ರೂಣ ಮಾಡಿಸಿದ ತಾಯಿಗೆ. ಅಂದರೆ ಅಂಡಾಣು ಯಾರದು ಅನ್ನುವ ಪ್ರಶ್ನೆ ರಜೆ ಅರ್ಜಿಯವರೆಗೂ ಬಂತು ನೋಡಿ. ಕೇಂದ್ರ ಸರ್ಕಾರದ ನೌಕರರಿಗೆ 2024ರಿಂದ 180 ದಿನ ಸಿಗುತ್ತದೆ. ಅವರಲ್ಲಿ ಹೊರುವ ತಾಯಿ ನೌಕರಳಾಗಿದ್ದರೆ ಅವಳಿಗೂ ಸಿಗುತ್ತದೆ.

ಅಷ್ಟಾದ ಮೇಲೆ ನಮ್ಮಿಬ್ಬರನ್ನೂ ಹೊರಗೆ ಕಳಿಸಿ ತಂಗಿ ಒಬ್ಬಳನ್ನೇ ಕೂರಿಸಿಕೊಂಡರು. ನಲವತ್ತು ನಿಮಿಷ. ನನಗೆ ಆಗ ಸ್ವಲ್ಪ ಬೇಜಾರಾಗಿತ್ತು, ನಮ್ಮ ಮುಂದೆ ಕೇಳಬಾರದ್ದು ಏನಿದೆ ಅಂತ. ಬಸ್ಸಿನಲ್ಲಿ ಬರುವಾಗ ಅವಳೇ ಹೇಳಿದಳು. "ನಿಮ್ಮ ಅಕ್ಕನಿಗೆ ಬೇಡ ಅನ್ನಲಿಕ್ಕೆ ನಿಮಗೆ ಆಗುತ್ತದಾ?" ಅಂತ ಮೇಡಂ ಕೇಳಿದರಂತೆ. ಇವಳಿಗೆ ಗಳಗಳನೆ ಅಳು ಬಂತಂತೆ. ಬೇಡ ಅನ್ನುವ ಮನಸ್ಸು ಅವಳಿಗಿಲ್ಲ, ಆದರೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಭ್ರೂಣ ಇಡುವ ಕ್ಷಣದ ಮೊದಲಿನವರೆಗೂ ಅವಳು ಹಿಂದೆ ಸರಿಯಬಹುದು, ಕಾನೂನೇ ಆ ಹಕ್ಕು ಕೊಟ್ಟಿದೆ. ಗರ್ಭ ನಿಂತ ಮೇಲೂ ಅವಳ ಲಿಖಿತ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿಸುವ ಹಾಗಿಲ್ಲ. ನಾವು ದುಡ್ಡು ಹಾಕಿದ್ದೇವೆ ಅಂತ ಏನೂ ಹೇಳುವ ಹಾಗಿಲ್ಲ. ಇದನ್ನೆಲ್ಲ ಅವಳಿಗೆ ಪ್ರತ್ಯೇಕವಾಗಿ ಕೂರಿಸಿ ಹೇಳಿದ್ದಕ್ಕೆ ನನಗೆ ಆ ಮೇಡಂ ಮೇಲೆ ಗೌರವ ಜಾಸ್ತಿ ಆಯಿತು. ನೀವು ಹೋದ ಕಡೆ ಹೊರುವವಳ ಜೊತೆ ಒಬ್ಬಳೇ ಇರುವಾಗ ಮಾತಾಡದೇ ಇದ್ದರೆ, ನನ್ನನ್ನು ಕೇಳಿದರೆ, ಆ ಕ್ಲಿನಿಕ್ ಬಿಡಿ.

ಅವತ್ತು ರಾತ್ರಿ ತಂಗಿ ನಮ್ಮಲ್ಲೇ ಉಳಿದಳು. ಅತ್ತೆ ಅಡುಗೆಮನೆಯಲ್ಲಿ ಕೂತು ಕಳಲೆ ಹೆಚ್ಚುತ್ತಿದ್ದರು. ಹಾಳೆ ಮುಂದಿಟ್ಟುಕೊಂಡು ನಾನು ನಾಲ್ಕು ಪ್ರಶ್ನೆ ಓದಿ ಹೇಳಿದೆ. ಅತ್ತೆ ಓದಿದ್ದು ನಾಲ್ಕನೇ ಕ್ಲಾಸು. ಜೆಸ್ಟೇಷನಲ್ ಅನ್ನುವುದು ನನಗಿಂತ ಬೇಗ ಅರ್ಥವಾಯಿತು. "ಅಷ್ಟೇನಾ ಮಾರಾಯ್ತಿ. ಬೀಜದ ಅಡಿಕೆ ನಮ್ಮದು, ಪಾತಿ ಇವಳದು. ಸಸಿ ಎದ್ದ ಮೇಲೆ ಕಿತ್ತು ನಮ್ಮ ತೋಟಕ್ಕೆ ನೆಡೋದು" ಅಂದರು. ಪ್ರೀತಿಯಿಂದಲೇ ಹೇಳಿದ್ದು. ತಂಗಿ ತಟ್ಟೆಯಿಂದ ತಲೆ ಎತ್ತಿ, "ಅಮ್ಮಾ, ಪಾತಿಗೆ ವಾಂತಿ ಬರೋದಿಲ್ಲ, ಸೊಂಟ ನೋಯೋದಿಲ್ಲ" ಅಂದಳು. ಮೆಲ್ಲಗೇ ಹೇಳಿದಳು. ಅತ್ತೆಯ ಕೈಯಲ್ಲಿದ್ದ ಮೆಟ್ಟುಗತ್ತಿಯ ಕೆಲಸ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, "ಹೌದು ಮಗಾ, ನಾನು ಹಾಗೆ ಹೇಳಬಾರದಿತ್ತು" ಅಂತ ಅವಳ ತಲೆ ಸವರಿದರು. ಆಮೇಲೆ ಅವರೇ ಒಂದು ಪ್ರಶ್ನೆ ಕೇಳಿದರು. "ಹುಟ್ಟಿದ ಮೇಲೆ ಇವಳಿಗೆ ಹಾಲು ಬರ್ತದಲ್ಲ, ಆ ಹಾಲು ಏನು ಮಾಡ್ತೀರಿ?" ನಮಗ್ಯಾರಿಗೂ ಹೊಳೆದಿರಲಿಲ್ಲ.

ಎರಡನೇ ಸಲ ಹೋದಾಗ ಅದನ್ನೇ ಮೊದಲು ಕೇಳಿದೆವು. ಮೇಡಂಗೆ ಖುಷಿಯಾಯಿತು. ಹಾಲು ಬರುತ್ತದೆ, ಮಗು ಯಾರ ಮಡಿಲಿಗೆ ಹೋದರೂ ಮೈಗೆ ಅದು ತಿಳಿಯುವುದಿಲ್ಲ ಅಂದರು. ಹಿಂಡಿ ಕೊಡುವುದಾ, ಮಾತ್ರೆ ತೆಗೆದುಕೊಂಡು ನಿಲ್ಲಿಸುವುದಾ ಅನ್ನುವುದನ್ನು ತಂಗಿಯೇ ಮೊದಲೇ ತೀರ್ಮಾನ ಮಾಡಬೇಕು, ಹೆರಿಗೆಯ ದಿನ ಮಾತಾಡಲಿಕ್ಕೆ ಇಟ್ಟುಕೊಳ್ಳಬಾರದು. ಬಾಣಂತನ ಎಲ್ಲಿ ಅಂತಲೂ ಕೇಳಿದರು. ಅದನ್ನೂ ನಾವು ಯೋಚಿಸಿರಲಿಲ್ಲ. ಮಗು ನಮ್ಮ ಮನೆಗೆ ಬಂದರೂ ಬಾಣಂತಿ ಅವಳೇ. ಎಣ್ಣೆ ನೀರು, ಬಿಸಿ ಊಟ, ನಲವತ್ತು ದಿನದ ಆರೈಕೆ ಅವಳಿಗೆ ಆಗಲೇಬೇಕು. ಚಿಕ್ಕಮ್ಮನ ಮನೆಯಲ್ಲಿ, ನಾವೇ ಎಲ್ಲ ಒದಗಿಸಿ, ಅಂತ ಈಗ ಮಾತಾಗಿದೆ.

ಕಾಗದದ ದಾರಿ ಉದ್ದ ಇದೆ. ಮೊದಲು ಜಿಲ್ಲಾ ಮೆಡಿಕಲ್ ಬೋರ್ಡಿನಿಂದ ನನಗೆ ಸರೊಗಸಿ ಬೇಕು ಅಂತ ಸರ್ಟಿಫಿಕೇಟ್. ಬೋರ್ಡಿನಲ್ಲಿ ಜಿಲ್ಲೆಯ ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿ, ಒಬ್ಬರು ಸ್ತ್ರೀರೋಗ ತಜ್ಞರು, ಒಬ್ಬರು ಮಕ್ಕಳ ಡಾಕ್ಟರು ಇರುತ್ತಾರೆ. ಗರ್ಭಕೋಶ ಇಲ್ಲದಿರುವುದು, ಮೇಲಿಂದ ಮೇಲೆ ಐವಿಎಫ್ ಕೈಕೊಟ್ಟಿರುವುದು, ಕಾರಣ ತಿಳಿಯದೆ ಮತ್ತೆ ಮತ್ತೆ ಗರ್ಭ ಇಳಿಯುವುದು, ಹೊತ್ತರೆ ಜೀವಕ್ಕೆ ಅಪಾಯ ಆಗುವಂಥ ಕಾಯಿಲೆ, ಇಂಥವಕ್ಕೆ ಕೊಡುತ್ತಾರೆ. ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಮಗು ನಮ್ಮದು ಅಂತ ಆದೇಶ. ಇದು ಭ್ರೂಣ ಇಡುವ ಮೊದಲೇ ಆಗಬೇಕು. ಇಂಗ್ಲೆಂಡಿನಲ್ಲಿ ಹೆತ್ತವಳೇ ಕಾನೂನಿನ ತಾಯಿ, ಹುಟ್ಟಿದ ಮೇಲೆ ಕೋರ್ಟಿಗೆ ಹೋಗಿ ಬದಲಾಯಿಸಬೇಕು. ನಮ್ಮಲ್ಲಿ ಹುಟ್ಟುವಾಗಲೇ ಮಗು ನಮ್ಮದು. ಹೆಣ್ಣು ಅಂತಲೋ, ಏನೋ ಊನ ಇದೆ ಅಂತಲೋ, ಅವಳಿಜವಳಿ ಅಂತಲೋ ಬೇಡ ಅನ್ನುವ ಹಾಗೂ ಇಲ್ಲ. ಮಗುವಿಗೆ ಸ್ವಂತ ಮಗುವಿನ ಎಲ್ಲ ಹಕ್ಕೂ ಇದೆ, ಆಸ್ತಿಯೂ ಸೇರಿ.

ಕ್ಲಿನಿಕ್ಕಿನವರು ಮುಚ್ಚುಮರೆ ಇಲ್ಲದೆ ಹೇಳಿದ ಇನ್ನೊಂದು ಮಾತು. "ನಾವು ಐವಿಎಫ್ ಮಾಡುತ್ತೇವೆ, ಸರೊಗಸಿಗೆ ಬೇರೆ ನೋಂದಣಿ ಬೇಕು, ಅದು ನಮ್ಮಲ್ಲಿ ಇಲ್ಲ." ಸರೊಗಸಿ ಕ್ಲಿನಿಕ್ ಅಂತ ನೋಂದಣಿ ಆದವರು ಆ ಸರ್ಟಿಫಿಕೇಟನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಹಾಕಬೇಕು ಅಂತ ಕಾನೂನಿದೆ. ಯಾವ ಕ್ಲಿನಿಕ್ಕಿಗೆ ಹೋದರೂ ಮೊದಲು ಗೋಡೆ ನೋಡಿ ಅಂದರು. ನಮ್ಮನ್ನು ಹಿಡಿದಿಟ್ಟುಕೊಂಡು ದುಡ್ಡು ಮಾಡಬಹುದಿತ್ತು, ಮಾಡಲಿಲ್ಲ.

ಎರಡನೇ ತಪ್ಪು ದೊಡ್ಡದು. ಹೊರುವ ತಾಯಿ ಸಹಿ ಹಾಕಬೇಕಾದ ಒಪ್ಪಿಗೆ ಪತ್ರದ ಮಾದರಿ ತೋರಿಸಿದರು. ಪೂರ್ತಿ ಇಂಗ್ಲಿಷ್. ಮೇಡಂ ಸಾಲು ಸಾಲು ಕನ್ನಡದಲ್ಲಿ ಹೇಳಿದರು, ಅದರಲ್ಲಿ ಕೊರತೆ ಇಲ್ಲ. ಆದರೆ ಬಾಯಲ್ಲಿ ಹೇಳಿದ್ದು ಮನೆಗೆ ಹೋಗುವುದರೊಳಗೆ ಅರ್ಧ ಮರೆಯುತ್ತದೆ, ಕೈಯಲ್ಲಿ ಉಳಿಯುವುದು ಸಹಿ ಹಾಕಿದ ಕಾಗದ. ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ತಂಗಿ ಪಿಯುಸಿ ಓದಿದ್ದಾಳೆ, ಕನ್ನಡ ಮೀಡಿಯಂ. ನಾನು ಡಿಸ್ಚಾರ್ಜ್ ಸಮರಿಯ ಒಂದು ಸಾಲು ಅರ್ಥವಾಗದೆ ಒಂದೂವರೆ ವರ್ಷ ಕಳೆದವಳು. ಅವಳಿಗೆ ಅದೇ ಆಗಲಿಕ್ಕೆ ಬಿಡುವುದಿಲ್ಲ. ಕನ್ನಡದ ಪ್ರತಿ ಕೊಡಿ ಅಂತ ಬರೆದುಕೊಟ್ಟು ಬಂದಿದ್ದೇವೆ, ತರಿಸುತ್ತೇವೆ ಅಂದಿದ್ದಾರೆ. ಇನ್ನರ್ಧ ಸ್ಟಾರ್ ಕಡಿಮೆ ಆಗಿದ್ದು ಇದಕ್ಕೆ.

ಹೋಗುವವರಿಗೆ ಒಂದೆರಡು ಮಾತು. ಸೋಮವಾರ ಬಹಳ ರಶ್, ಬುಧವಾರ ಗುರುವಾರ ಹೋಗಿ. ಮೊದಲೇ ಫೋನ್ ಮಾಡಿ ಎಷ್ಟು ಹೊತ್ತು ಕೊಡುತ್ತಾರೆ ಅಂತ ಕೇಳಿ, ಹದಿನೈದು ನಿಮಿಷ ಅಂದರೆ ಅದು ಕೌನ್ಸೆಲಿಂಗ್ ಆಗುವುದಿಲ್ಲ. ಹಳೆಯ ಎಲ್ಲ ರಿಪೋರ್ಟ್, ಮುಖ್ಯವಾಗಿ ಆಪರೇಷನ್ ನೋಟ್ಸ್ ತೆಗೆದುಕೊಂಡು ಹೋಗಿ. ಇಲ್ಲದಿದ್ದರೆ ಆಪರೇಷನ್ ಆದ ಆಸ್ಪತ್ರೆಗೆ ಹೋಗಿ ಕೇಳಿ, ನಮಗೆ ಎರಡು ಸಲ ಓಡಾಡಿದ ಮೇಲೆ ಸಿಕ್ಕಿತು. ಮನೆಯ ಹಿರಿಯರನ್ನೂ ಒಂದು ಸಲ ಕರೆದುಕೊಂಡು ಹೋಗುವುದು ಒಳ್ಳೆಯದು, ಅವರು ಕೇಳುವ ಪ್ರಶ್ನೆ ನಮಗೆ ಹೊಳೆಯುವುದಿಲ್ಲ. ಹೊರುವವಳ ಗಂಡನನ್ನೂ ಕರೆದುಕೊಂಡು ಹೋಗಿ. ನಾವು ಆ ತಪ್ಪು ಮಾಡಿದೆವು, ಭಾವನನ್ನು ಬಿಟ್ಟು ಹೋಗಿದ್ದೆವು, ಅವರಿಗೆ ಮನಸ್ಸಿಗೆ ಸ್ವಲ್ಪ ನೋವಾಗಿತ್ತು. ಆಮೇಲೆ ತಂಗಿ ಆ ನಾಲ್ಕು ಪ್ರಶ್ನೆಯ ಹಾಳೆ ತೆಗೆದುಕೊಂಡು ಹೋಗಿ ಗದ್ದೆ ನೆಟ್ಟಿಯ ಕೆಲಸ ಮುಗಿದ ಒಂದು ಸಂಜೆ ಅವರಿಗೆ ಪೂರ್ತಿ ವಿವರಿಸಿದ್ದಾಳೆ. ಮುಂದಿನ ಸಲ ಅವರೂ ಬರುತ್ತಾರೆ.

ನನ್ನ ರಕ್ತದ ಟೆಸ್ಟ್, ಸ್ಕ್ಯಾನ್ ಆಗಿದೆ. ಅಂಡಾಶಯ ಎರಡೂ ಚೆನ್ನಾಗಿದೆ ಅಂದಿದ್ದಾರೆ. ಬೋರ್ಡಿಗೆ ಕೊಡಬೇಕಾದ ಕಾಗದಗಳ ಮೂರು ಸೆಟ್ ಜೆರಾಕ್ಸ್ ಮಾಡಿಸಿ ಬೀರುವಿನಲ್ಲಿ ಇಟ್ಟಿದ್ದೇನೆ. ಕನ್ನಡದ ಒಪ್ಪಿಗೆ ಪತ್ರ ಇನ್ನೂ ಬಂದಿಲ್ಲ. ಅದು ಬಂದು, ಮನೆಯಲ್ಲಿ ಕೂತು ಎರಡು ಸಲ ಓದುವವರೆಗೆ ಸಹಿ ಹಾಕುವುದಿಲ್ಲ ಅಂತ ತಂಗಿ ಹೇಳಿದ್ದಾಳೆ. ಆಯಿತು, ಕಾಯುತ್ತೇನೆ ಅಂದೆ.